ಬಿಎಸ್ಸಿ ಅಂಕ ಬೇಡ, ಬಿಇಒ ಸಹಿ ಬೇಕು

"ಬಿಎಸ್ಸಿ ಸೇರಿ, ನೀಟ್ ಬರೀರಿ, ಡಿಗ್ರಿ ಅಂಕಕ್ಕೂ ಬೆಲೆ ಇದೆ" ಅಂತ ಅಡ್ಮಿಷನ್ ಹೊತ್ತಲ್ಲಿ ಹೇಳುವವರಿದ್ದಾರೆ. ಸುಳ್ಳು. ಎಂಬಿಬಿಎಸ್ ರ್‍ಯಾಂಕ್ ಕೊಡೋದು ನೀಟ್ ಒಂದೇ: 180 ಪ್ರಶ್ನೆ, 720 ಅಂಕ, ತಪ್ಪು ಉತ್ತರಕ್ಕೆ 1 ಅಂಕ ಕಡಿತ. ಅರ್ಧ ಜೀವಶಾಸ್ತ್ರ, ಎಲ್ಲವೂ ಪಿಯು ಪಠ್ಯದ ಮಟ್ಟದ್ದು. ಸೆಮಿಸ್ಟರ್ ಅಂಕ ಅಲ್ಲಿ ಲೆಕ್ಕಕ್ಕೇ ಇಲ್ಲ. ವಯಸ್ಸಿನ ಮೇಲ್ಮಿತಿ ಈಗಿಲ್ಲ, ಮತ್ತೆ ಬರೆಯೋದು ತಪ್ಪಲ್ಲ. ಸುಳ್ಳು ಹೇಳಿ ಕ್ಲಾಸ್ ತುಂಬಿಸಿಕೊಳ್ಳೋದು ತಪ್ಪು.

ಹೇಳಬೇಕಾದ್ದನ್ನು ಮಾತ್ರ ಇವರು ಹೇಳಲ್ಲ. 1ರಿಂದ 10ರವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ರಾಜ್ಯ ಕೋಟಾದಲ್ಲಿ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಿದೆ. ಅದಕ್ಕೆ ಮುಖ್ಯಶಿಕ್ಷಕರು, ಬಿಇಒ ಸಹಿ ಮಾಡಿದ ಪ್ರಮಾಣಪತ್ರ ಬೇಕು. ರಿಸಲ್ಟ್ ಬಂದಮೇಲೆ ಓಡಾಡಬೇಡಿ, ಈಗಲೇ ಮಾಡಿಸಿಟ್ಟುಕೊಳ್ಳಿ. ಇಷ್ಟನ್ನು ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸೋಕೆ ಎಷ್ಟು ಖರ್ಚಾಗುತ್ತೆ ಸ್ವಾಮಿ?