ಹೊಳೆ ದಾರಿಗೆ ಮುಳ್ಳು ಹಾಕೋದು ಬೇಡ

ಕಾಳಿ ದಂಡೆಯ ರೈತ ಬಾಂಧವರೇ, ಕಯಾಕ್ ಹೊತ್ತು ಬರೋ ಹುಡುಗರಿಗೆ ಗದ್ದೆ ದಾರಿ ಮುಚ್ಚಬೇಕು ಅನ್ನೋರಿಗೆ ಈ ಮಾತು. ನಿಮ್ಮ ಸಿಟ್ಟು ಸರಿ. ಒಡೆದ ಬದು, ತೆರೆದಿಟ್ಟ ದಣಪೆ, ಪೈರಿಗೆ ನುಗ್ಗಿದ ದನ: ನಷ್ಟ ನಮ್ಮದೇ. ಆದರೆ ಮುಳ್ಳು ಹಾಕಿದರೆ ಅವರು ಯಾರಿಗೂ ಹೇಳದೆ ಇನ್ನೊಂದು ಕಡೆ ಇಳೀತಾರೆ. ಸಿಕ್ಕಿಬಿದ್ದರೆ ಹಗ್ಗ ಹಿಡಿದು ಓಡೋರು ಮತ್ತೆ ನಾವೇ.

ಗಣೇಶಗುಡಿಯ ಸೂಪಾ ಡ್ಯಾಮಿನಲ್ಲಿ 50 ಮೆಗಾವ್ಯಾಟಿನ 2 ಟರ್ಬೈನ್ ಇವೆ. ಅವು ತಿರುಗಿದರೆ ಸುಡು ಬಿಸಿಲಲ್ಲೂ ಕೆಳಗೆ ಹೊಳೆ ಏರ್ತದೆ. ಹಳ್ಳಕ್ಕೆ ಅಡ್ಡ ಬಿದ್ದ ಬಿದಿರು ನೀರನ್ನ ಬಿಡ್ತದೆ, ಮನುಷ್ಯನನ್ನ ಹಿಡ್ಕೊಳ್ತದೆ. ಇದನ್ನ ಹೊರಗಿನವರಿಗೆ ಹೇಳೋರು ದಂಡೆಯವರೇ.

ಅದಕ್ಕೇ ದಾರಿ ಕೊಡೋಣ, ಕರಾರು ಹಾಕಿ ಕೊಡೋಣ. ಮೊದಲು ಕೇಳಬೇಕು, ತೋರಿಸಿದ ಕಡೆಯೇ ನಡೀಬೇಕು, ದಣಪೆ ಹಾಕಬೇಕು. ಹೆಲ್ಮೆಟ್, ಲೈಫ್ ಜಾಕೆಟ್, ಎಸೆಯೋ ಹಗ್ಗ ಇಲ್ಲದವರು, ಒಬ್ಬರೇ ಬಂದವರು ವಾಪಸ್ ಹೋಗಲಿ. ದಡ ಹತ್ತಿದ ಮೇಲೆ ಹೇಳಿ ಹೋಗಲಿ.

ಇವರನ್ನ ಕರ್ಕೊಂಡು ಬಂದು ದುಡ್ಡು ಎಣಿಸೋರು ಮುರಿದ ಬೇಲಿನೂ ಕಟ್ಟಿಸಿಕೊಡಬೇಕು. ನಮ್ಮ ಗದ್ದೆ ದಾಟೋಕೆ ನಾವು ಕೊಡೋದು ಅನುಮತಿ. ಅದನ್ನ ಹಕ್ಕು ಅಂದ್ಕೊಂಡವರಿಗೆ ಆ ದಿನವೇ ದಾರಿ ಬಂದ್.