ಫ್ಯಾಷನ್ ಓದು ಹೊಲ, ಮಗ್ಗದಿಂದ ಶುರುವಾಗಲಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಫ್ಯಾಷನ್ ಡಿಸೈನ್ ಓದಲು ಹೊರಡುವ ಹುಡುಗ ಹುಡುಗಿಯರು ಕಾಲೇಜಿನಲ್ಲಿ ಎರಡು ಮುಖ್ಯ ಕೆಲಸ ಕಲಿಯುತ್ತಾರೆ. ಮೊದಲನೆಯದು ಡ್ರೇಪಿಂಗ್. ಕಾಗದದ ಮೇಲೆ ಅಳತೆ ಬರೆದು ಕತ್ತರಿಸುವ ಬದಲು, ಮೈಯಾಕಾರದ ಫಾರ್ಮ್ ಮೇಲೆ ನೇರವಾಗಿ ಬಟ್ಟೆ ಹೊದಿಸಿ, ಗುಂಡುಪಿನ್ನು ಚುಚ್ಚುತ್ತ, ನೆರಿಗೆ ಹಿಡಿಯುತ್ತ, ಎಲ್ಲಿ ಬಿಗಿ ಎಲ್ಲಿ ಸಡಿಲ ಎಂಬುದನ್ನು ಕೈಯಿಂದಲೇ ಅರಿಯುತ್ತ ಉಡುಪಿನ ರೂಪ ಕಂಡುಕೊಳ್ಳುವ ವಿಧಾನ ಅದು. ಎರಡನೆಯದು ಸಂಶೋಧನೆ. ಆ ಉಡುಪು ಯಾರಿಗೆ, ಯಾಕೆ, ಯಾವ ಬಟ್ಟೆಯಲ್ಲಿ ಎಂಬ ಪ್ರಶ್ನೆಗಳಿಗೆ ಆಧಾರ ಕಟ್ಟುವ ಕೆಲಸ. ಈ ಎರಡನೆಯದು ಬಹಳ ಸುಲಭವಾಗಿ ಮೊಬೈಲಿನಲ್ಲಿ ಚಿತ್ರ ಹುಡುಕಿ ಹಲಗೆಗೆ ಅಂಟಿಸುವ ಮಟ್ಟಕ್ಕೆ ಇಳಿದುಬಿಡುತ್ತದೆ. ಪ್ಯಾರಿಸ್ಸಿನ ವೇದಿಕೆ, ಮುಂಬೈಯ ಮದುವೆ ಲೆಹೆಂಗಾ, ಕೊರಿಯಾದ ಧಾರಾವಾಹಿಯ ನಾಯಕಿ ಆ ಹಲಗೆಯಲ್ಲಿ ಸೇರುತ್ತಾರೆ. ವಿದ್ಯಾರ್ಥಿ ಹುಟ್ಟಿ ಬೆಳೆದ ಊರಿನ ಹೊಲ, ಮಗ್ಗ, ಸಂತೆ ಸೇರುವುದಿಲ್ಲ. ಈ ಜಿಲ್ಲೆಯ ವಿದ್ಯಾರ್ಥಿಯ ಸಂಶೋಧನೆ ಇಲ್ಲಿನ ಹೊಲದಿಂದ, ಇಲ್ಲಿನ ಮಗ್ಗದಿಂದಲೇ ಶುರುವಾಗಬೇಕು. ಅದಕ್ಕೆ ಪಠ್ಯದಲ್ಲಿ ಸಮಯವೂ ಅಂಕವೂ ಸಿಗಬೇಕು ಎಂಬುದು ನನ್ನ ವಾದ. ಊರಿನ ಅಭಿಮಾನ ಒಂದು ಕಡೆ ಇರಲಿ, ಡ್ರೇಪಿಂಗ್ ಎಂಬ ವಿದ್ಯೆಯೇ ಇದನ್ನು ಬೇಡುತ್ತದೆ.

ಗಂಗಾವತಿ ಭಾಗದ ನೀರಾವರಿ ಗದ್ದೆಯಲ್ಲಿ ಭತ್ತದ ನಾಟಿ ಮಾಡುವ ಹೆಣ್ಣುಮಕ್ಕಳು ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಸೊಂಟಕ್ಕೆ ಸಿಕ್ಕಿಸಿರುತ್ತಾರೆ. ದಿನವಿಡೀ ಬಾಗಿ ಕೆಲಸ ಮಾಡಿದರೂ ಆ ಸಿಕ್ಕು ಬಿಚ್ಚುವುದಿಲ್ಲ, ಕೆಸರಿಗೆ ಅಂಚು ತಾಗುವುದಿಲ್ಲ. ಕುಷ್ಟಗಿ, ಯಲಬುರ್ಗಾದ ಮಳೆ ನಂಬಿದ ಹೊಲದಲ್ಲಿ ಹತ್ತಿ ಬಿಡಿಸುವವರು ಅದೇ ಸೀರೆಯ ಸೆರಗನ್ನು ಸೊಂಟಕ್ಕೆ ಸುತ್ತಿ ಮುಂದೆ ಉಡಿ ಮಾಡಿಕೊಳ್ಳುತ್ತಾರೆ. ಎರಡೂ ಕೈ ಬಿಡುವಾಗಿರುತ್ತವೆ, ಹತ್ತಿಯ ಭಾರ ಹೆಗಲಿಗೆ ಬೀಳದೆ ಸೊಂಟಕ್ಕೆ ಕೂರುತ್ತದೆ. ಸೂಜಿ ದಾರ ಮುಟ್ಟದೆ ಒಂದೇ ಬಟ್ಟೆ ಎರಡು ಬಗೆಯ ಕೆಲಸಕ್ಕೆ ಸಲಕರಣೆಯಾಗುವುದು ಇಲ್ಲಿ ಕಾಣುತ್ತದೆ. ಆದರೆ ಅದರ ಜೊತೆಗೇ ಇನ್ನೊಂದು ಸಂಗತಿಯೂ ಕಾಣುತ್ತದೆ. ಬಿಸಿಲು ಮತ್ತು ಹತ್ತಿಕಾಯಿಯ ಒಣ ಸಿಪ್ಪೆಯ ಚುಚ್ಚಿನಿಂದ ರಟ್ಟೆ ಕಾಪಾಡಿಕೊಳ್ಳಲು ಅವರು ಸೀರೆಯ ಮೇಲೆ ಮನೆಯ ಗಂಡಸರ ಹಳೆಯ ತುಂಬುತೋಳಿನ ಅಂಗಿ ತೊಟ್ಟಿರುತ್ತಾರೆ. ಅದರ ಭುಜದ ಹೊಲಿಗೆ ತೋಳಿನ ಮೇಲೆ ಜಾರಿರುತ್ತದೆ, ಕೆಳಗಿನ ಗುಂಡಿಗಳು ಉಡಿಯ ಮೇಲೆ ಕೂಡುವುದಿಲ್ಲ, ಬಾಗಿದರೆ ಎದೆಯ ಜೇಬಿನಲ್ಲಿಟ್ಟದ್ದು ಕೆಳಗೆ ಬೀಳುತ್ತದೆ. ಹೊಲದ ದುಡಿಮೆಯ ದೊಡ್ಡ ಪಾಲು ಹೊರುವ ಹೆಣ್ಣುಮಕ್ಕಳಿಗಾಗಿ ಯೋಚಿಸಿ ಹೊಲಿದ ಅಂಗಿ ಇವರ ಕೈಸೇರಿಲ್ಲ ಎಂಬುದಕ್ಕೆ ಆ ಎರವಲು ಅಂಗಿಯೇ ಸಾಕ್ಷಿ. ಉಡಿಗೆ ಅಡ್ಡಬಾರದ, ಬೆನ್ನಿಗೆ ಗಾಳಿಯಾಡುವ, ಮಣಿಕಟ್ಟಿನವರೆಗೆ ಮುಚ್ಚುವ ಮೇಲಂಗಿ ಹೇಗಿರಬೇಕು ಎಂಬ ಪ್ರಶ್ನೆ ಯಾವ ವಿದೇಶಿ ಪತ್ರಿಕೆಯ ಚಿತ್ರದಿಂದಲೂ ಹುಟ್ಟುವುದಿಲ್ಲ. ಹೊಲಕ್ಕೆ ಹೋಗಿ ನೋಡಿದ, ಕೇಳಿದ ವಿದ್ಯಾರ್ಥಿಗೆ ಮಾತ್ರ ಅದು ಹೊಳೆಯುತ್ತದೆ.

ಡ್ರೇಪಿಂಗ್ ಹೊರಗಿನಿಂದ ಬಂದ ವಿದ್ಯೆ, ಅದಕ್ಕೂ ಸೀರೆ ಉಡುವುದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಈ ವಿದ್ಯೆಯಲ್ಲಿ ದೊಡ್ಡ ಹೆಸರು ಫ್ರಾನ್ಸಿನ ಮ್ಯಾಡ್ಲೀನ್ ವಿಯೊನೆ ಅವರದು. 1876ರಲ್ಲಿ ಹುಟ್ಟಿದ ಆಕೆ ಮರದ ಚಿಕ್ಕ ಗೊಂಬೆಯ ಮೇಲೆ ಬಟ್ಟೆ ಹೊದಿಸಿ ವಿನ್ಯಾಸ ಮಾಡುತ್ತಿದ್ದರು. ನಮ್ಮ ಟೇಲರ್‌ಗಳು ಕ್ರಾಸ್ ಎಂದು ಕರೆಯುವ ಓರೆಯಲ್ಲಿ ಬಟ್ಟೆ ಬಳಸಿ 1920ರ ದಶಕದಲ್ಲಿ ಉಡುಪಿನ ರೀತಿಯನ್ನೇ ಬದಲಿಸಿದರು. ಹಾಸಿನ ನೇರಕ್ಕೆ ಎಳೆದರೆ ಬಟ್ಟೆ ಹಿಗ್ಗುವುದಿಲ್ಲ, ಓರೆಗೆ ಎಳೆದರೆ ಹಿಗ್ಗಿ ಮೈಗೆ ಒಗ್ಗುತ್ತದೆ ಎಂಬ ಸರಳ ಸತ್ಯವೇ ಅವರ ಕೆಲಸದ ಬುನಾದಿ. ಸೀರೆಯ ಸೆರಗೂ ಎದೆಯ ಮೇಲೆ ಓರೆಯಾಗಿ ಹಾಯುತ್ತದೆ, ತೋಳಿನ ಚಲನೆಗೆ ಒಗ್ಗುತ್ತದೆ. ನಮ್ಮ ದೇಶದಲ್ಲಿ ಸೀರೆ ಉಡುವ ಬಗೆಗಳನ್ನು ಗಂಭೀರ ಅಧ್ಯಯನಕ್ಕೆ ತಂದವರೂ ಇದ್ದಾರೆ. ಶಾಂತಾಲ್ ಬುಲಾಂಜೆ 1997ರಲ್ಲಿ ಉಡುವ ವಿಧಾನಗಳ ಸಚಿತ್ರ ಕೈಪಿಡಿಯನ್ನೇ ಪ್ರಕಟಿಸಿದರು, ಋತಾ ಕಪೂರ್ ಚಿಶ್ತಿ 108 ಬಗೆಗಳನ್ನು ದಾಖಲಿಸಿದರು. ಹೊಲದ ಹೆಣ್ಣುಮಗಳ ತಿಳಿವಳಿಕೆಗೂ ಕಾಲೇಜಿನ ವಿದ್ಯೆಗೂ ಒಂದು ವ್ಯತ್ಯಾಸ ಉಂಟು. ಆಕೆಯದು ಅವಳ ಮೈಗೆ, ಅವಳ ಕೆಲಸಕ್ಕೆ ಕೂಡಿ ಬಂದದ್ದು. ಕಾಲೇಜು ಕಲಿಸುವುದು ಫಾರ್ಮ್ ಮೇಲೆ ಕೂತ ಬಟ್ಟೆಯನ್ನು ಬಿಚ್ಚಿ, ಗುರುತು ಹಾಕಿ, ಕಾಗದದ ಪ್ಯಾಟರ್ನ್ ಮಾಡಿ, ಬೇರೆ ಬೇರೆ ಅಳತೆಯಲ್ಲಿ ಮತ್ತೆ ಮತ್ತೆ ಹೊಲಿಯುವಂತೆ ಮಾಡುವ ಕ್ರಮವನ್ನು. ಎರಡೂ ಒಂದೆಡೆ ಸೇರಿದಾಗಲೇ ನಾಲ್ಕು ಜನ ತೊಡಬಹುದಾದ ಉಡುಪು ಹುಟ್ಟುತ್ತದೆ.

ಇನ್ನು ಬಟ್ಟೆಯ ಮಾತಿಗೆ ಬರೋಣ. ಇಳಕಲ್ಲು ಬಾಗಲಕೋಟೆ ಜಿಲ್ಲೆಗೆ ಸೇರಿದ್ದರೂ ಅದರ ಸೀರೆ ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರದ ಮಗ್ಗಗಳಿಗೂ ಸೇರಿದ್ದು. ಕೊಪ್ಪಳದ ಮಗ್ಗುಲಲ್ಲಿರುವ ಭಾಗ್ಯನಗರವೂ ನೇಕಾರರ ಊರೇ. ಇಳಕಲ್ಲು ಸೀರೆಯ ಹೆಚ್ಚುಗಾರಿಕೆ ಅದರ ಒಡಲು ಮತ್ತು ಸೆರಗಿನ ಜೋಡಣೆಯಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಸಾಮಾನ್ಯವಾಗಿ ಒಂದು ಹತ್ತಿ, ಇನ್ನೊಂದು ರೇಷ್ಮೆ. ಎರಡರ ಎಳೆಗಳನ್ನು ಒಂದರೊಳಗೊಂದು ಕೊಂಡಿಯಂತೆ ಸಿಕ್ಕಿಸಿ ಮಗ್ಗದ ಮೇಲೆಯೇ ಕೂಡಿಸುತ್ತಾರೆ. ಹೀಗಾಗಿ ಪ್ರತಿ ಸೀರೆಗೂ ಹಾಸನ್ನು ಹೊಸದಾಗಿ ಸಿದ್ಧ ಮಾಡಬೇಕು. ಕೆಂಪು ಸೆರಗಿನ ಮೇಲೆ ಬಿಳಿಯಲ್ಲಿ ಮೂಡುವ ತೆನಿ ಎಂಬ ನಕ್ಷೆಯಲ್ಲಿ ಕೋಟೆಯ ತೆನೆ, ಹಣಿಗೆ, ಜೋಳದ ತೆನೆಯ ಆಕಾರಗಳಿವೆ. ಇಂಥ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ತಯಾರು ಪ್ಯಾಟರ್ನ್ ಇಟ್ಟು ಕತ್ತರಿಸಿದರೆ ಅಂಚು ಒಂದು ಕಡೆ, ತೆನಿ ಒಂದು ಕಡೆ ಚೂರಾಗುತ್ತದೆ. ಕೊಂಡಿಯ ಗೆರೆಗೇ ಕತ್ತರಿ ಬಿದ್ದರೆ ಎಳೆಗಳ ಹಿಡಿತವೇ ಹೋಗುತ್ತದೆ. ಅದೇ ಬಟ್ಟೆಯನ್ನು ಫಾರ್ಮ್ ಮೇಲೆ ಹೊದಿಸಿ ನೋಡಿದರೆ ಕೊಂಡಿ ಬೇರೆಯೇ ಆಗಿ ಕಾಣುತ್ತದೆ. ಅದು ನೇಕಾರ ಮೊದಲೇ ಹಾಕಿಕೊಟ್ಟ ಹೊಲಿಗೆ. ಆ ಗೆರೆಯನ್ನು ಸೊಂಟಕ್ಕೆ ತಂದರೆ ಮೇಲೆ ಹತ್ತಿ ನಿಲ್ಲುತ್ತದೆ, ಕೆಳಗೆ ರೇಷ್ಮೆ ಇಳಿಯುತ್ತದೆ. ಭುಜಕ್ಕೆ ತಂದರೆ ರೇಷ್ಮೆಯ ತೋಳಿಗೆ ಹತ್ತಿಯ ಮೈ ಸಿಗುತ್ತದೆ. ಎರಡು ನೂಲುಗಳ ಇಳಿತ ಒಂದೇ ಬಟ್ಟೆಯಲ್ಲಿ ಇರುವುದು ಕೈಗೆ ತಿಳಿಯುವ ಸಂಗತಿ. ಚಿತ್ರದಲ್ಲಿ ಅದು ಗೊತ್ತಾಗುವುದಿಲ್ಲ.

ಸಂಶೋಧನೆ ಊರಿನಿಂದ ಶುರುವಾಗಲಿ ಎಂದರೆ ಹಳೆಯದನ್ನೇ ಪೂಜಿಸಬೇಕು, ಹೊಲಿದ ಬಟ್ಟೆ ಪರಕೀಯ, ಉಟ್ಟದ್ದೇ ನಮ್ಮದು ಎಂದು ಕೆಲವರು ಅರ್ಥ ಮಾಡಿಕೊಳ್ಳಬಹುದು. ಈ ನೆಲದ ಚರಿತ್ರೆ ಆ ಅರ್ಥಕ್ಕೆ ಎಡೆಗೊಡುವುದಿಲ್ಲ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಆಚೆ ದಡದಲ್ಲಿ ಬೆಳೆದ ವಿಜಯನಗರದ ಆಸ್ಥಾನದಲ್ಲಿ ಧೋತರದ ಜೊತೆಗೆ ಕಬಾಯಿ ಎಂಬ ಹೊಲಿದ ಉದ್ದಂಗಿಯೂ ಕುಲ್ಲಾಯಿ ಎಂಬ ಎತ್ತರದ ಟೋಪಿಯೂ ಇದ್ದವು. ಕಬಾಯಿ ಪಶ್ಚಿಮ ಏಷ್ಯಾದ ಇಸ್ಲಾಮಿ ಆಸ್ಥಾನಗಳ ಉಡುಪಿನಿಂದ ಬಂದದ್ದು. ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರಲ್ಲಿ ಈ ಬಗ್ಗೆ ವಿವರವಾಗಿ ಬರೆದರು. ಕೃಷ್ಣದೇವರಾಯನನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅವನ ಬಿಳಿ ಬಟ್ಟೆಯ ಮೇಲಿನ ಚಿನ್ನದ ಗುಲಾಬಿ ಕಸೂತಿಯನ್ನೂ ಜರತಾರಿ ಟೋಪಿಯನ್ನೂ ವರ್ಣಿಸಿದ್ದಾನೆ. ತಿರುಮಲದಲ್ಲಿರುವ ಅವನ ಪ್ರತಿಮೆಯ ತಲೆಯ ಮೇಲೂ ಆ ಎತ್ತರದ ಟೋಪಿ ಇದೆ. ಉಟ್ಟದ್ದೂ ಹೊಲಿದದ್ದೂ ಇಲ್ಲಿ ಬಹಳ ಹಿಂದಿನಿಂದ ಕೂಡಿಯೇ ಬಂದಿವೆ ಎಂಬುದು ಸಂಶೋಧನೆ ಮಾಡಿದವರಿಗೇ ತಿಳಿಯುತ್ತದೆ. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯಕ್ಕೋ ಕುಕನೂರಿನ ನವಲಿಂಗ ಗುಡಿಗೋ ಹೋಗಿ ಕಲ್ಲಿನ ಮೇಲಿನ ಬಟ್ಟೆಯ ಗೆರೆಗಳನ್ನು ಬರೆದುಕೊಳ್ಳುವ ವಿದ್ಯಾರ್ಥಿ ಶಿಲ್ಪಿಯ ಕಟ್ಟುಪಾಡು ಯಾವುದು, ನಿಜವಾಗಿ ಜನ ಉಟ್ಟದ್ದು ಯಾವುದು ಎಂದು ಬಿಡಿಸಿ ನೋಡುವುದನ್ನೂ ಕಲಿಯಬೇಕು. ಇವತ್ತಿನ ಓಣಿಯಲ್ಲಿ ನೈಟಿಯ ಮೇಲೆ ಟವೆಲ್ ಹೊದ್ದು ನೀರಿಗೆ ಬರುವ ಹೆಂಗಸಿನ ಉಡುಪೂ ಅಷ್ಟೇ ಗಂಭೀರವಾದ ಆಧಾರ. ಅಲ್ಲಿಯೂ ಹೊಲಿದದ್ದರ ಮೇಲೆ ಹೊದ್ದದ್ದು ಸೇರಿ ಒಂದು ಅಗತ್ಯ ತೀರಿದೆ.

ಇದಕ್ಕೆ ಎದುರಾಗುವ ದೊಡ್ಡ ಆಕ್ಷೇಪ ನೌಕರಿಯದು. ಗಾರ್ಮೆಂಟ್ಸ್ ಕಾರ್ಖಾನೆ ಕೇಳುವುದು ಕಂಪ್ಯೂಟರಿನಲ್ಲಿ ಪ್ಯಾಟರ್ನ್ ಮಾಡುವ ವೇಗವನ್ನು, ಬಡ ಮನೆಯ ಮಕ್ಕಳಿಗೆ ಹೊಲ ಸುತ್ತಲು ಪುರುಸೊತ್ತೆಲ್ಲಿದೆ ಎಂಬ ಮಾತಿನಲ್ಲಿ ತೂಕವಿದೆ. ಆದರೆ ಕಂಪ್ಯೂಟರಿನ ಪ್ಯಾಟರ್ನ್ ಕೂಡ ಯಾವುದೋ ಮೈಯ ಅಳತೆಯಿಂದಲೇ ಹುಟ್ಟುತ್ತದೆ. ಭಾರತೀಯರ ಅಳತೆಯ ಪಟ್ಟಿಯೇ ಇಲ್ಲದೆ ಹೊರದೇಶದ ಅಳತೆಗಳ ಮೇಲೆ ನಮ್ಮ ಉದ್ಯಮ ನಿಂತಿದೆ ಎಂಬ ಕಾರಣಕ್ಕೇ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು ದೇಶದ 6 ನಗರಗಳಲ್ಲಿ 25,000 ಜನರ ಮೈ ಅಳೆಯುವ ಯೋಜನೆ ಹಾಕಿಕೊಂಡಿತು. ಅದು ಒಳ್ಳೆಯ ಕೆಲಸ. ಆದರೆ ನಗರದಲ್ಲಿ ಅಳೆದ ಪಟ್ಟಿಯಲ್ಲಿ ವರ್ಷಗಟ್ಟಲೆ ಬಾಗಿ ದುಡಿದ ಬೆನ್ನು, ಹೊರೆ ಹೊತ್ತ ಹೆಗಲು ಎಷ್ಟು ಸೇರಿಯಾವು? ಆ ಮೈಗಳನ್ನು ಬಲ್ಲ ವಿನ್ಯಾಸಗಾರ್ತಿ ಕಾರ್ಖಾನೆಗೂ ಹೆಚ್ಚು ಬೇಕಾದವಳು, ತನ್ನೂರಿನಲ್ಲಿ ಅಂಗಡಿ ಹಾಕಿದರೂ ಗೆಲ್ಲುವವಳು. ಖರ್ಚಿನ ಆಕ್ಷೇಪಕ್ಕೂ ಉತ್ತರ ಈ ಜಿಲ್ಲೆಯಲ್ಲೇ ಇದೆ. ಫಾರ್ಮ್ ದುಬಾರಿ, ಅಭ್ಯಾಸದ ಬಟ್ಟೆಯೂ ದುಬಾರಿ ಎಂಬುದು ನಿಜ. ಆದರೆ ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ಹಗುರ ಮರ ಕೆತ್ತಿ, ಕಿಟ್ಟ ಎಂಬ ಲೇಪ ಮೆತ್ತಿ ಗೊಂಬೆ ಮಾಡುವುದರಲ್ಲಿ ಹೆಸರಾದವರು. ಅರ್ಧ ಅಳತೆಯ ಡ್ರೇಪಿಂಗ್ ಗೊಂಬೆಯನ್ನು ಅವರಿಂದ ಮಾಡಿಸಿದರೆ ವಿದ್ಯಾರ್ಥಿಗೆ ಮನೆಯಲ್ಲೇ ಅಭ್ಯಾಸ ಸಾಧ್ಯ, ಬಟ್ಟೆಯ ಖರ್ಚೂ ಇಳಿಯುತ್ತದೆ, ಕಿನ್ನಾಳದ ಕುಟುಂಬಗಳಿಗೆ ಹೊಸ ಗಿರಾಕಿ ಸಿಗುತ್ತಾರೆ. ಅಭ್ಯಾಸಕ್ಕೆ ಮಸ್ಲಿನ್ನೇ ಬೇಕೆಂದಿಲ್ಲ. ಕೌದಿಗೆ ಹೋಗುವ ಹಳೆಯ ಸೀರೆ ಸಾಕು. ಅಭ್ಯಾಸ ಮುಗಿದ ಮೇಲೆ ಅದು ಮತ್ತೆ ಕೌದಿಗೇ ಹೋಗಬಹುದು.

ಎರಡನೆಯ ಆಕ್ಷೇಪ ನೇಕಾರರ ಕಡೆಯಿಂದ ಬರುವುದು ನ್ಯಾಯ. ವಿದ್ಯಾರ್ಥಿಗಳು ಬರುತ್ತಾರೆ, ಫೋಟೊ ತೆಗೆಯುತ್ತಾರೆ, ತೆನಿಯ ನಕ್ಷೆ ಒಯ್ಯುತ್ತಾರೆ, ನಮಗೆ ಬಂದದ್ದೇನು ಎಂದು ಅವರು ಕೇಳಿದರೆ ತಲೆ ಎತ್ತಿ ಉತ್ತರಿಸುವಂತಿರಬೇಕು. ದೇಶದ ನಾಲ್ಕನೇ ಕೈಮಗ್ಗ ಗಣತಿ ಎಣಿಸಿದ್ದು ಸುಮಾರು 35 ಲಕ್ಷ ಕೈಮಗ್ಗ ಕೆಲಸಗಾರರನ್ನು. ಅವರಲ್ಲಿ ಬಹುಪಾಲು ಹೆಂಗಸರು. 2019-20ರ ಆ ಗಣತಿಯ ಹೊತ್ತಿಗೆ ಮೂರರಲ್ಲಿ ಎರಡು ಪಾಲು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ ಇತ್ತು. ಒಬ್ಬ ವಿದ್ಯಾರ್ಥಿಯ ಉಡುಪು ಈ ಲೆಕ್ಕವನ್ನು ಬದಲಿಸದು, ಹಾಗೆಂದು ಯಾರೂ ಭರವಸೆ ಕೊಡಬಾರದು. ಮೆಚ್ಚುಗೆಯೂ ಅನ್ನ ಹಾಕದು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಗುಂಪಿನ ಸಭೆ ನಡೆದಾಗ 1,755 ಲಂಬಾಣಿ ಕಸೂತಿಯ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಅದು ಹೆಮ್ಮೆಯ ಸಂಗತಿಯೇ, ಆದರೆ ದಾಖಲೆ ಮುಗಿದ ಮೇಲೂ ಸೂಜಿ ಹಿಡಿದ ಕೈಗೆ ಕೂಲಿ ಬರುತ್ತಿರಬೇಕು. ಆದ್ದರಿಂದ ಸಂಶೋಧನೆಗೆ ಒಂದು ನೀತಿ ಬೇಕು. ಕಲಿಸಿದ ನೇಕಾರರ ಹೆಸರು, ಅವರು ಒಪ್ಪಿದರೆ, ಉಡುಪಿನ ಜೊತೆ ಬರಲಿ; ಅವರು ಕೊಟ್ಟ ಸಮಯಕ್ಕೆ ಕಾಲೇಜು ಕೂಲಿ ಕೊಡಲಿ; ಅಂತಿಮ ಉಡುಪಿನ ಬಟ್ಟೆಯನ್ನು ಅವರ ಮಗ್ಗದಿಂದಲೇ ಹಣ ಕೊಟ್ಟು ಕೊಳ್ಳಲಿ. ಇಳಕಲ್ಲು ಸೀರೆಗೆ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಪವರ್‌ಲೂಮಿನ ನಕಲಿಗೆ ಆ ಹೆಸರು ಹಚ್ಚುವ ತಪ್ಪನ್ನು ಮುಂದಿನ ವಿನ್ಯಾಸಗಾರರೇ ಮಾಡದಿರಲು ಈ ಪಾಠ ವಿದ್ಯಾರ್ಥಿಯಾಗಿದ್ದಾಗಲೇ ಆಗಬೇಕು.

ಆಗಬೇಕಾದದ್ದು ಹೆಚ್ಚೇನಿಲ್ಲ. ರಾಜ್ಯದ ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ ಉಡುಪು ವಿನ್ಯಾಸದ ಡಿಪ್ಲೊಮಾ ಇದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ವಸ್ತ್ರ ಮತ್ತು ಉಡುಪು ವಿನ್ಯಾಸದ ವಿಭಾಗವಿದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ಕೇಂದ್ರವೇ ಇದೆ. ಕುಶಲಕರ್ಮಿಗಳ ಊರಿಗೆ ವಿದ್ಯಾರ್ಥಿಗಳನ್ನು ಕಳಿಸುವ ಕ್ರಮ ಆ ಸಂಸ್ಥೆಯಲ್ಲಿ ಈಗಾಗಲೇ ಉಂಟು. ಅದು ಎಲ್ಲ ಕಾಲೇಜುಗಳಿಗೂ ಬರಲಿ, ನೋಡಿ ಬರುವ ಪ್ರವಾಸವಾಗದೆ ಒಂದು ಬೆಳೆಯ ಕಾಲದಷ್ಟು ಉದ್ದದ ಕೆಲಸವಾಗಲಿ. ಬಿತ್ತನೆಯಲ್ಲಿ, ಕಳೆಯಲ್ಲಿ, ಸುಗ್ಗಿಯಲ್ಲಿ ಅದೇ ಹೆಣ್ಣುಮಕ್ಕಳು ಅದೇ ಬಟ್ಟೆಯನ್ನು ಹೇಗೆ ಬದಲಿಸಿ ಉಡುತ್ತಾರೆ ಎಂದು ಬರೆದುಕೊಂಡ ಟಿಪ್ಪಣಿಗೆ, ಅದರಿಂದ ಫಾರ್ಮ್ ಮೇಲೆ ಮಾಡಿದ ಪ್ರಯೋಗಗಳಿಗೆ, ಕೊನೆಗೆ ತೊಟ್ಟು ದುಡಿದು ನೋಡಿದವರ ಅಭಿಪ್ರಾಯಕ್ಕೆ ಅಂಕ ಸಿಗಲಿ. ಆ ಟಿಪ್ಪಣಿ, ಬಟ್ಟೆಯ ತುಣುಕು, ಪ್ಯಾಟರ್ನ್‌ಗಳು ಕೊಪ್ಪಳದಲ್ಲೇ ಒಂದು ಕಡೆ ಕೂಡಿ ಮುಂದಿನ ತಂಡಕ್ಕೆ ಸಿಗುವಂತಾಗಲಿ. ಫ್ಯಾಷನ್ ಓದಿದ ಮಗಳು ಹತ್ತಿ ಬಿಡಿಸುವ ತಾಯಿಗೆ ಹೊಂದುವ ಒಂದು ಅಂಗಿ ಹೊಲಿಯಲಾರಳು ಎಂದಾದರೆ ಕೊರತೆ ಆ ಮಗಳದಲ್ಲ, ಅವಳಿಗೆ ಅಂಥ ಪ್ರಶ್ನೆಯನ್ನೇ ಕೇಳದ ಶಿಕ್ಷಣದ್ದು. ಮುಂದಿನ ಪಠ್ಯ ಪರಿಷ್ಕರಣೆಯಲ್ಲಿ ಆ ಪ್ರಶ್ನೆಗೆ ಜಾಗ ಸಿಗಲೇಬೇಕು.