ಗಡಿ ದಾಟಿದ ಹಣ, ದಾರಿಯಲ್ಲಿ ನಿಂತ ಕಾಗದ

ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸಿದ ಮಾಸ್ತರರೊಬ್ಬರು ನಿವೃತ್ತಿಯ ನಂತರ ಬಾದಾಮಿಯಲ್ಲೇ ನೆಲೆಸಿದ್ದಾರೆ. ಅಗಸ್ತ್ಯತೀರ್ಥದ ಮೇಲಿನ ಬಂಡೆಗೆ ನಮ್ಮನ್ನು ಕರೆದೊಯ್ದು ಕಪ್ಪೆ ಅರಭಟ್ಟನ ಶಾಸನವನ್ನು ಬಾಯಿಪಾಠ ಮಾಡಿಸಿದವರು ಅವರು. ಬಾಧಿಸುವವರಿಗೆ ಬಗ್ಗದ ವೀರನೊಬ್ಬನ ವರ್ಣನೆ ಅದರಲ್ಲಿದೆ. ಅಂಥ ಮಾಸ್ತರರು ಕಳೆದ ವರ್ಷ ಎರಡು ದಿನ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲ್ ಪರದೆಯ ಮೇಲಿನ ಖಾಕಿ ಸಮವಸ್ತ್ರಕ್ಕೆ ಕೈಮುಗಿದು ಕುಳಿತಿದ್ದರು. ಅವರ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ತನಿಖೆ ಮುಗಿಯುವವರೆಗೆ ಕರೆ ಕಡಿತಗೊಳಿಸುವಂತಿಲ್ಲ, ಮಗನಿಗೂ ಹೇಳುವಂತಿಲ್ಲ ಎಂದು ಆ ಸಮವಸ್ತ್ರಧಾರಿ ತಾಕೀತು ಮಾಡಿದ್ದ. ‘ಡಿಜಿಟಲ್ ಅರೆಸ್ಟ್’ ಎಂಬ ಪದವನ್ನು ಅವರು ಕೇಳಿದ್ದು ಅಂದೇ ಮೊದಲು. ಭಾರತದ ಯಾವ ಕಾನೂನಿನಲ್ಲಿಯೂ ಅಂಥದೊಂದು ಬಂಧನ ಇಲ್ಲವೆಂದು ತಿಳಿಯುವಷ್ಟರಲ್ಲಿ ನಿವೃತ್ತಿಯ ಹಣದಲ್ಲಿ ಹನ್ನೊಂದು ಲಕ್ಷ ರೂಪಾಯಿ ಹೋಗಿತ್ತು.

ಮೂರನೆಯ ದಿನ 1930ಕ್ಕೆ ಕರೆ ಮಾಡಿದಾಗ ಅದರಲ್ಲಿ ಒಂದಿಷ್ಟು ಹಣವನ್ನು ತಡೆಹಿಡಿಯುವುದು ಸಾಧ್ಯವಾಯಿತು. ಉಳಿದದ್ದು ಅದೇ ದಿನ ಹತ್ತಾರು ಬಾಡಿಗೆ ಖಾತೆಗಳಿಗೆ ಹಂಚಿಹೋಗಿ, ಅಲ್ಲಿಂದ ಕ್ರಿಪ್ಟೊ ನಾಣ್ಯವಾಗಿ ಮಾರ್ಪಟ್ಟು, ದೇಶದ ಹೊರಗೆ ಸೇರಿತ್ತು. ಠಾಣೆಯವರು ಸೌಜನ್ಯದಿಂದಲೇ ನಡೆದುಕೊಂಡರು ಎಂದು ಮಾಸ್ತರರು ಹೇಳುತ್ತಾರೆ. ಆದರೆ ನಾನು ಊರಿಗೆ ಹೋದಾಗಲೆಲ್ಲ ಅವರದು ಒಂದೇ ಪ್ರಶ್ನೆ: ‘ತಮ್ಮಾ, ನನ್ನ ಕಾಗದ ಈಗ ಎಲ್ಲಿಗೆ ಬಂದೈತಿ?’

ಇದು ಒಬ್ಬರ ಕಥೆಯಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನಿಯವರು ‘ಮನ್ ಕಿ ಬಾತ್’ ಕಾರ್ಯಕ್ರಮದಲ್ಲಿ ಇಂಥದೊಂದು ಕರೆಯ ಧ್ವನಿಮುದ್ರಿಕೆಯನ್ನು ದೇಶಕ್ಕೆ ಕೇಳಿಸಿದರು. ಅದನ್ನು ಚಿತ್ರೀಕರಿಸಿಕೊಂಡ ಯುವಕ ನಮ್ಮ ಪಕ್ಕದ ವಿಜಯಪುರದವರು. 1997ರವರೆಗೆ ಬಾದಾಮಿಯೂ ಅದೇ ಜಿಲ್ಲೆಗೆ ಸೇರಿತ್ತು. ಆ ಯುವಕ ಬೆದರದೆ ಉಳಿದರು. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆಯ ಗ್ರಾಮವೊಂದರ ವೃದ್ಧ ದಂಪತಿ ಇದೇ ಬಗೆಯ ಸುಲಿಗೆಗೆ ಸಿಲುಕಿ ಪ್ರಾಣವನ್ನೇ ಕಳೆದುಕೊಂಡರು. ಕೇಂದ್ರ ಸರ್ಕಾರವು ಸಂಸತ್ತಿಗೆ ನೀಡಿದ ಲೆಕ್ಕದಂತೆ ಸೈಬರ್ ವಂಚನೆಯಲ್ಲಿ ದೇಶದ ಜನ ಕಳೆದುಕೊಂಡ ಹಣ 2023ರಲ್ಲಿ 7,465 ಕೋಟಿ ರೂಪಾಯಿ. 2024ರಲ್ಲಿ 22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು. ಇನ್ನೊಂದೆಡೆ, 2021ರಲ್ಲಿ ಆರಂಭವಾದ ದೂರು ವ್ಯವಸ್ಥೆಯ ಮೂಲಕ 2025ರ ಮಧ್ಯಭಾಗದವರೆಗೆ ಉಳಿಸಿಕೊಳ್ಳಲಾದ ಹಣ ಸುಮಾರು 5,489 ಕೋಟಿ.

ಈ ಹಿನ್ನೆಲೆಯಲ್ಲಿಯೇ ಗೃಹ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿಯು ರಾಧಾ ಮೋಹನ್ ದಾಸ್ ಅಗರ್ವಾಲ್ ಅವರ ಅಧ್ಯಕ್ಷತೆಯಲ್ಲಿ ಸೈಬರ್ ಅಪರಾಧದ ಪರಿಣಾಮ, ರಕ್ಷಣೆ ಮತ್ತು ತಡೆಗಳ ಕುರಿತ ತನ್ನ 254ನೆಯ ವರದಿಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದಿಟ್ಟಿತು. ಗಡಿಯಾಚೆಯ ಸಹಕಾರದ ತೊಡಕುಗಳು ಅದರಲ್ಲಿ ಪ್ರಸ್ತಾಪವಾಗಿವೆ. ಓದುವವರಿಗೆ ಇದು ಹಳೆಯ ರಾಗವೆನಿಸಿದರೆ ತಪ್ಪಿಲ್ಲ. 2014ರ ಫೆಬ್ರುವರಿಯಲ್ಲಿ ಮಾಹಿತಿ ತಂತ್ರಜ್ಞಾನ ಕುರಿತ ಸ್ಥಾಯಿ ಸಮಿತಿಯೂ ಸೈಬರ್ ಅಪರಾಧ, ಸುರಕ್ಷತೆ ಹಾಗೂ ಖಾಸಗಿತನದ ಬಗ್ಗೆ ವರದಿ ಕೊಟ್ಟಿತ್ತು. ಸರ್ವರ್‌ಗಳು ವಿದೇಶದಲ್ಲಿರುವುದರ ಕಷ್ಟವನ್ನು ಆಗಲೇ ಎತ್ತಿತ್ತು. ನಡುವೆ ಒಂದು ದಶಕ ಸರಿದಿದೆ. ಸ್ಥಾಯಿ ಸಮಿತಿಗಳ ಶಿಫಾರಸುಗಳಿಗೆ ಸರ್ಕಾರ ಬದ್ಧವಾಗಬೇಕಿಲ್ಲ. ಕೈಗೊಂಡ ಕ್ರಮದ ವರದಿಯೊಂದನ್ನು ಕಳುಹಿಸಿದರೆ ಸಾಕು. ‘ಪರಿಶೀಲನೆಯಲ್ಲಿದೆ’ ಎಂಬ ಮಾತಿಗೆ ಅಲ್ಲಿ ಸದಾ ಜಾಗ ಇದ್ದೇ ಇರುತ್ತದೆ.

ಮಾಸ್ತರರ ಕಾಗದ ಸಾಗಬೇಕಾದ ಹಾದಿಯನ್ನು ಒಮ್ಮೆ ನೋಡೋಣ. ವಿದೇಶದಲ್ಲಿರುವ ಕ್ರಿಪ್ಟೊ ವಿನಿಮಯ ಸಂಸ್ಥೆಯ ದಾಖಲೆಯನ್ನು ಇಲ್ಲಿನ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಮಂಡಿಸಬೇಕಾದರೆ ತನಿಖಾಧಿಕಾರಿಯ ಇಮೇಲ್ ಸಾಲದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 112ನೆಯ ಸೆಕ್ಷನ್ ಪ್ರಕಾರ ನ್ಯಾಯಾಲಯವು ಕೋರಿಕೆ ಪತ್ರ ಹೊರಡಿಸಬೇಕು. ಇಲ್ಲವೇ ಪರಸ್ಪರ ಕಾನೂನು ನೆರವು ಒಪ್ಪಂದದ ಅಡಿಯಲ್ಲಿ ಮನವಿ ಹೋಗಬೇಕು. ಎರಡೂ ಹಾದಿಗಳು ರಾಜ್ಯದ ಗೃಹ ಇಲಾಖೆಯಿಂದ ದೆಹಲಿಯ ಗೃಹ ಸಚಿವಾಲಯಕ್ಕೆ, ಅಲ್ಲಿಂದ ಆ ದೇಶದ ಅಧಿಕೃತ ಪ್ರಾಧಿಕಾರಕ್ಕೆ, ಮುಂದೆ ಅಲ್ಲಿನ ನ್ಯಾಯಾಲಯಕ್ಕೆ ಸಾಗುತ್ತವೆ. ಕನ್ನಡದಲ್ಲಿ ಬರೆದ ದೂರು ಇಂಗ್ಲಿಷಿಗೆ, ಅಗತ್ಯವಿದ್ದರೆ ಆ ದೇಶದ ಭಾಷೆಗೆ ಅನುವಾದವಾಗಬೇಕು. ಇಲ್ಲಿ ಅಪರಾಧವಾದದ್ದು ಅಲ್ಲಿಯೂ ಅಪರಾಧವೇ ಎಂಬುದನ್ನು ಹಲವು ದೇಶಗಳು ಮೊದಲು ಕೇಳುತ್ತವೆ. ಪ್ರತಿ ಮೇಜಿನಲ್ಲೂ ಒಂದು ಆಕ್ಷೇಪಣೆ, ಒಂದು ಸ್ಪಷ್ಟೀಕರಣ. ಹಣ ನಿಮಿಷಗಳಲ್ಲಿ ದಾಟಿದ ದೂರವನ್ನು ಕಾಗದವು ತಿಂಗಳುಗಟ್ಟಲೆ ನಡೆಯುತ್ತದೆ. ಅಷ್ಟರಲ್ಲಿ ಅಲ್ಲಿನ ದಾಖಲೆ ಅಳಿಸಿಹೋಗಿದ್ದರೆ ಉತ್ತರ ಬಂದರೂ ಪ್ರಯೋಜನವಿಲ್ಲ.

ಈ ಹಾದಿ ಮುಚ್ಚಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಹೈಕೋರ್ಟಿನಲ್ಲೇ ನಿದರ್ಶನ ಇದೆ. ಸಂಸ್ಥೆಯೊಂದರ ಮಹಿಳಾ ಉದ್ಯೋಗಿಗಳ ಬಗ್ಗೆ ಅಶ್ಲೀಲ ಇಮೇಲ್‌ಗಳು ಬರುತ್ತಿದ್ದ ಪ್ರಕರಣದಲ್ಲಿ, ಆ ಇಮೇಲ್ ಸೇವೆ ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್ ಆಗಿತ್ತು. 2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟ್, ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಅಡಿ ಆ ಸೇವೆಯನ್ನೇ ನಿರ್ಬಂಧಿಸಲು ಕ್ರಮ ಕೈಗೊಳ್ಳುವಂತೆ ಕೇಂದ್ರಕ್ಕೆ ನಿರ್ದೇಶಿಸಿತು. ನೊಂದವರ ಬವಣೆ ನ್ಯಾಯಾಲಯಕ್ಕೆ ಅರ್ಥವಾದದ್ದು ಸರಿಯೇ. ಆದರೆ ಬಾಗಿಲು ಮುಚ್ಚಿದ ಮಾತ್ರಕ್ಕೆ ಒಳಗಿದ್ದವನ ಹೆಸರು ತಿಳಿಯುವುದಿಲ್ಲ.

ಸುಪ್ರೀಂ ಕೋರ್ಟ್ 2025ರ ಡಿಸೆಂಬರ್ 1ರಂದು ದೇಶದಾದ್ಯಂತದ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ವಹಿಸಿ, ಇಂಟರ್‌ಪೋಲ್ ನೆರವು ಪಡೆಯುವಂತೆಯೂ ಸೂಚಿಸಿತು. ಇದು ಸ್ವಾಗತಾರ್ಹ. ಇಂಟರ್‌ಪೋಲ್ ಪೊಲೀಸರನ್ನು ಪೊಲೀಸರೊಂದಿಗೆ ಬೆಸೆಯುತ್ತದೆ; ವಿಚಾರಣೆಯಲ್ಲಿ ನಿಲ್ಲುವ ಸಾಕ್ಷ್ಯ ಮತ್ತು ಹಣದ ಮರಳಿಕೆಗೆ ಮಾತ್ರ ಒಪ್ಪಂದಗಳೇ ಬೇಕು. ಅಪರಾಧದ ಕಾರ್ಖಾನೆಗಳೂ ಎಲ್ಲೋ ಅಡಗಿಲ್ಲ. ಥಾಯ್ಲೆಂಡ್ ಗಡಿಯ ಮ್ಯಾನ್ಮಾರ್‌ನಲ್ಲಿ, ಕಾಂಬೋಡಿಯಾದಲ್ಲಿ ಅವು ಬೇಲಿ ಹಾಕಿಕೊಂಡು ಬಹಿರಂಗವಾಗಿಯೇ ನಡೆದಿವೆ. ಉದ್ಯೋಗದ ಆಸೆಗೆ ಹೋಗಿ ಅಲ್ಲಿ ಸಿಕ್ಕಿಬಿದ್ದವರೂ ಸೇರಿದಂತೆ 549 ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು. ಕರೆ ಮಾಡುತ್ತಿದ್ದ ಬಾಯಿಯೂ ಕೇಳಿ ನಡುಗಿದ ಕಿವಿಯೂ ಕೆಲವೊಮ್ಮೆ ಒಂದೇ ದೇಶದವು.

ನಾವು ಯಾವಾಗಲೂ ಸುಲಿಗೆಗೊಳಗಾದವರ ಸಾಲಿನಲ್ಲೇ ಇಲ್ಲವೆಂಬುದನ್ನೂ ಒಪ್ಪಬೇಕು. 2006ರಲ್ಲಿ ಬ್ರಿಟಿಷ್ ಬ್ಯಾಂಕೊಂದರ ಬೆಂಗಳೂರು ಕೇಂದ್ರದ ನೌಕರನೊಬ್ಬ ಗ್ರಾಹಕರ ಮಾಹಿತಿಯನ್ನು ಹೊರಗೆ ಸಾಗಿಸಿದ ಆರೋಪದ ಮೇಲೆ ಬಂಧಿತನಾದ. ಹಣ ಕಳೆದುಕೊಂಡವರು ಬ್ರಿಟನ್ನಿನವರು. ಅಹಮದಾಬಾದಿನ ಕಾಲ್ ಸೆಂಟರ್‌ಗಳಿಂದ ಅಮೆರಿಕದ ವೃದ್ಧರನ್ನು ಬೆದರಿಸಿ ಹಣ ಕಿತ್ತ ಜಾಲದ ಪ್ರಮುಖನನ್ನು ಸಿಂಗಪುರ 2019ರಲ್ಲಿ ಅಮೆರಿಕಕ್ಕೆ ಹಸ್ತಾಂತರಿಸಿತು, ಅಲ್ಲಿನ ನ್ಯಾಯಾಲಯ 2020ರಲ್ಲಿ 20 ವರ್ಷ ಶಿಕ್ಷೆ ವಿಧಿಸಿತು. ಬೇರೆ ದೇಶದ ಮನವಿಗೆ ನಾವು ಎಷ್ಟು ಬೇಗ ಉತ್ತರಿಸುತ್ತೇವೆಯೋ, ನಮ್ಮ ಮನವಿಗೂ ಅಷ್ಟೇ ಬೇಗ ಉತ್ತರ ನಿರೀಕ್ಷಿಸಬಹುದು.

ಹಾಗಾದರೆ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿಬಿಟ್ಟರೆ ಆಯಿತೇ? ವಿಷಯ ಅಷ್ಟು ಸರಳವಾಗಿಲ್ಲ. 2001ರ ಬುಡಾಪೆಸ್ಟ್ ಒಪ್ಪಂದದಲ್ಲಿ ಇಂದು ಸುಮಾರು 80 ದೇಶಗಳಿವೆ, ಭಾರತ ಅದರ ಹೊರಗಿದೆ. ಕರಡು ರಚನೆಯಲ್ಲಿ ನಮಗೆ ಪಾಲಿರಲಿಲ್ಲ ಎಂಬುದೂ, ಅದರ 32ನೆಯ ವಿಧಿ ಇನ್ನೊಂದು ದೇಶದಲ್ಲಿರುವ ದತ್ತಾಂಶಕ್ಕೆ ಆ ಸರ್ಕಾರವನ್ನು ಕೇಳದೆಯೇ ಕೈಹಾಕಲು ಕೆಲವು ಸಂದರ್ಭಗಳಲ್ಲಿ ಎಡೆಗೊಡುತ್ತದೆ ಎಂಬುದೂ ಆಕ್ಷೇಪಗಳು. 2024ರ ಡಿಸೆಂಬರ್ 24ರಂದು ವಿಶ್ವಸಂಸ್ಥೆಯ ಮಹಾಸಭೆ ಸೈಬರ್ ಅಪರಾಧದ ವಿರುದ್ಧ ತನ್ನದೇ ಒಪ್ಪಂದವನ್ನು ಅಂಗೀಕರಿಸಿತು. 2025ರ ಅಕ್ಟೋಬರ್‌ನಲ್ಲಿ ಹನೋಯ್‌ನಲ್ಲಿ ಸಹಿಗೆ ತೆರೆದ ಅದು ಜಾರಿಗೆ ಬರಲು 40 ದೇಶಗಳ ಅನುಮೋದನೆ ಬೇಕು. ಭಿನ್ನಮತೀಯರನ್ನೂ ಪತ್ರಕರ್ತರನ್ನೂ ಬೇಟೆಯಾಡಲು ಇದು ನೆಪವಾದೀತೆಂದು ಮಾನವ ಹಕ್ಕು ಸಂಘಟನೆಗಳು ಎಚ್ಚರಿಸಿವೆ. ಈ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ಮಾಸ್ತರರ ಹಣ ಹುಡುಕಲು ತೆರೆದ ಕಿಂಡಿಯಲ್ಲಿ ನಾಳೆ ಯಾರದೋ ಪತ್ರ ಓದುವ ಕಣ್ಣು ಇಣುಕಬಾರದು.

ಇದನ್ನೆಲ್ಲ ತೂಗಿ ನೋಡಬೇಕಾದದ್ದು ಎಲ್ಲಿ? ನನ್ನ ಮುಖ್ಯ ತಕರಾರು ಇಲ್ಲಿದೆ. ಅಮೆರಿಕದಲ್ಲಿ ಇಂಥ ಒಪ್ಪಂದಕ್ಕೆ ಸೆನೆಟ್‌ನ ಮೂರನೇ ಎರಡರಷ್ಟು ಮತ ಬೇಕು. ಬ್ರಿಟನ್ನಿನಲ್ಲಿ 2010ರ ಕಾಯ್ದೆಯಂತೆ ಅನುಮೋದನೆಗೆ ಮೊದಲು 21 ಕಲಾಪ ದಿನ ಸಂಸತ್ತಿನ ಮುಂದಿರಿಸಬೇಕು. ನಮ್ಮಲ್ಲಿ ಒಪ್ಪಂದ ಮಾಡುವುದು ಸರ್ಕಾರದ ಕಾರ್ಯಾಂಗ ಅಧಿಕಾರ. ಜಾರಿಗೆ ಹೊಸ ಕಾನೂನು ಬೇಕಾದಾಗ ಮಾತ್ರ 253ನೆಯ ವಿಧಿಯಡಿ ಸಂಸತ್ತಿನ ಮಾತು ಬರುತ್ತದೆ. ಆದ್ದರಿಂದ ಜನಪ್ರತಿನಿಧಿಗಳು ಈ ವಿಷಯವನ್ನು ಅಧಿಕಾರಿಗಳ ಎದುರು ಕುಳಿತು ಪ್ರಶ್ನಿಸುವ ನಿಯತ ವೇದಿಕೆ ಎಂದರೆ ಸ್ಥಾಯಿ ಸಮಿತಿಯೇ. ಅದು ಮುಚ್ಚಿದ ಕೋಣೆಯಲ್ಲಿ ಸಭೆ ಸೇರಲಿ, ಆಕ್ಷೇಪವಿಲ್ಲ. ಪಕ್ಷದ ಗದ್ದಲವಿಲ್ಲದೆ ಮಾತು ನಡೆಯುವುದೂ ಅಲ್ಲಿಯೇ. ಆದರೆ ಸಲಹೆಗಳ ಉದ್ದ ಪಟ್ಟಿಗಿಂತ ಅದು ಗೃಹ ಸಚಿವಾಲಯದಿಂದ ಪ್ರತಿ ವರ್ಷ ಕೆಲವೇ ಅಂಕಿಗಳನ್ನು ಪಡೆದು ಪ್ರಕಟಿಸಿದರೆ ಹೆಚ್ಚು ಉಪಕಾರವಾದೀತು. ಯಾವ ದೇಶಕ್ಕೆ ಎಷ್ಟು ಕೋರಿಕೆ ಹೋಯಿತು, ಎಷ್ಟಕ್ಕೆ ಉತ್ತರ ಬಂತು, ಸರಾಸರಿ ಎಷ್ಟು ದಿನ ಹಿಡಿಯಿತು, ಎಷ್ಟು ರೂಪಾಯಿ ಮರಳಿತು, ನಮಗೆ ಬಂದ ಮನವಿಗಳಲ್ಲಿ ಎಷ್ಟನ್ನು ನಾವು ಬಾಕಿ ಇಟ್ಟಿದ್ದೇವೆ. ಯಾವುದೇ ತನಿಖೆಯ ಗುಟ್ಟು ಇದರಿಂದ ಬಯಲಾಗುವುದಿಲ್ಲ.

ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. ಈಗ ಜಿಲ್ಲೆ ಜಿಲ್ಲೆಗೂ ಅಂಥ ಠಾಣೆಗಳಿವೆ. ಎಫ್ಐಆರ್ ಬರೆಯುವವರೆಗಿನ ದಾರಿ ನಮ್ಮ ರಾಜ್ಯದಲ್ಲಿ ಬಹುಮಟ್ಟಿಗೆ ಸಿದ್ಧವಾಗಿದೆ. ಸವೆಯಬೇಕಾದ ದಾರಿ ಅದರಾಚೆಯದು.

ಸ್ಥಾಯಿ ಸಮಿತಿಯ ಸಚಿವಾಲಯಕ್ಕೆ ನಾಗರಿಕರೂ ಮನವಿ ಕಳುಹಿಸಬಹುದೆಂದು ಕಳೆದ ಬಾರಿ ಬಾದಾಮಿಗೆ ಹೋದಾಗ ಮಾಸ್ತರರಿಗೆ ಹೇಳಿದೆ. ಮೇಲಿನ ಐದು ಪ್ರಶ್ನೆಗಳನ್ನೇ ಬರೆದುಕೊಂಡು ಹೋಗಿದ್ದೆ. ಅವರು ಕನ್ನಡಕ ಏರಿಸಿಕೊಂಡು ಓದಿ, ಎರಡು ಕಡೆ ನನ್ನ ಕಾಗುಣಿತ ತಿದ್ದಿ, ಕೆಳಗೆ ಸಹಿ ಮಾಡಿದರು. ಇಂಗ್ಲಿಷ್ ಅನುವಾದವನ್ನು ಜೊತೆಗಿಟ್ಟು ಮರುದಿನವೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆವು.